ಕಾಯುವ ಖರ್ಚು

ಧಾರವಾಡದ ಸಪ್ತಾಪುರದಲ್ಲಿ ಗೋಡೆ ಓದುತ್ತ ನಡೆದರೆ ಸಾಕು, ಈ ಊರು ಸದ್ಯ ಯಾವ ವ್ಯಾಪಾರದ ಮೇಲೆ ನಿಂತಿದೆ ಎಂಬುದು ಗೊತ್ತಾಗುತ್ತದೆ. ಕೆಎಎಸ್, ಪಿಎಸ್‌ಐ, ಪಿಡಿಒ, ಎಫ್‌ಡಿಎ, ಟಿಇಟಿ ಎಂದು ಸಾಲುಸಾಲು ಕೋಚಿಂಗ್ ಬೋರ್ಡುಗಳು. ಅವುಗಳ ಸಂದಿಯಲ್ಲಿ ಅಂಟಿಸಿದ ಚೀಟಿಗಳು: ಹುಡುಗಿಯರಿಗೆ ಕಾಟ್ ಇದೆ, ಬಿಸಿನೀರು ಇದೆ, ರೀಡಿಂಗ್ ರೂಮ್, 24 ತಾಸು, ಪ್ರತಿ ಕ್ಯಾಬಿನ್ನಿಗೂ ಫ್ಯಾನು, ಚಾರ್ಜಿಂಗ್ ಪಾಯಿಂಟು, ಮನೆ ಊಟ, ಎರಡು ಹೊತ್ತು, ರವಿವಾರ ಒಂದೇ ಹೊತ್ತು. ಜೆರಾಕ್ಸ್ ಅಂಗಡಿಗಳಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳು ಸ್ಪೈರಲ್ ಬೈಂಡ್ ಆಗಿ ತೂಗಾಡುತ್ತವೆ. ನೌಕರಿಯನ್ನು ಇಲ್ಲಿ ಯಾರೂ ಮಾರುವುದಿಲ್ಲ, ಮಾರಲು ಅವರ ಬಳಿ ಇಲ್ಲ. ಅದು ಬರುವ ತನಕ ಕುಳಿತು ಕಾಯಲು ಬೇಕಾದ ಜಾಗ, ಗಾಳಿ, ಬೆಳಕು, ರೊಟ್ಟಿ ಮಾತ್ರ ತಿಂಗಳ ಲೆಕ್ಕದಲ್ಲಿ ಸಿಗುತ್ತವೆ.

ನಾನೂ ಆ ಗಿರಾಕಿಗಳಲ್ಲಿ ಒಬ್ಬಳು. ನವಲಗುಂದ ತಾಲೂಕಿನ ಎರೆಸೀಮೆಯವಳು. ಹೋದ ವರ್ಷ ಬಿ.ಎ. ಮುಗಿಸಿದೆ, ಇತಿಹಾಸ ನನ್ನ ವಿಷಯ. ಕಾಲೇಜಿನ ದಿನಗಳಲ್ಲಿ ಬೇಸಿಗೆ ಅಂದರೆ ರಜೆ, ಜೂನಿನಲ್ಲಿ ಮುಗಿದುಹೋಗುವಂಥದು. ಈ ಬೇಸಿಗೆಗೆ ಆ ಕಡೆಯ ದಂಡೆ ಇಲ್ಲ. ನೋಟಿಫಿಕೇಶನ್ ಬಂದರೆ ಅರ್ಜಿ, ಅರ್ಜಿಯ ನಂತರ ಪರೀಕ್ಷೆ, ನಂತರ ಕೀ ಉತ್ತರ, ಆಕ್ಷೇಪಣೆ, ಕಟ್ ಆಫ್, ತಾತ್ಕಾಲಿಕ ಪಟ್ಟಿ, ಕೋರ್ಟಿನ ತಡೆ. ಮಧ್ಯಾಹ್ನ ಕರೆಂಟು ಹೋಗಿ ರೀಡಿಂಗ್ ರೂಮಿನ ಫ್ಯಾನುಗಳೆಲ್ಲ ಒಮ್ಮೆಗೇ ನಿಂತಾಗ ಎಲ್ಲರೂ ತಲೆ ಎತ್ತುತ್ತೇವೆ. ಅಂಥ ಹೊತ್ತಿನಲ್ಲಿ ನನಗೆ ಹೊಳೆದ ಪ್ರಶ್ನೆ ಇದು: ಓದಿದವರು ಹೀಗೆ ಕಾಯುವುದು ಯಾವಾಗಿನಿಂದ ಶುರುವಾಯಿತು? ಕಾಯುವಷ್ಟು ದಿನ ಅವರಿಗೆ ಅನ್ನ ಹಾಕಿದವರು ಯಾರು? ಊರಿನ ದೊಡ್ಡವರ ಚರಿತ್ರೆಯನ್ನು ಈ ಎರಡನೆಯ ಪ್ರಶ್ನೆ ಹಿಡಿದು ಓದುತ್ತ ಹೋದರೆ ಬೇರೆಯೇ ಒಂದು ಧಾರವಾಡ ಕಾಣುತ್ತದೆ.

1818ರಲ್ಲಿ ಪೇಶ್ವೆಯರ ಆಳ್ವಿಕೆ ಮುಗಿದು ಧಾರವಾಡ ಇಂಗ್ಲಿಷರ ಕೈಗೆ ಬಂತು, ಮುಂಬಯಿ ಪ್ರಾಂತಕ್ಕೆ ಸೇರಿತು. ಮುಂಬಯಿ ವಿಶ್ವವಿದ್ಯಾಲಯ ಹುಟ್ಟಿದ್ದು 1857ರಲ್ಲಿ. ಮಹಾದೇವ ಗೋವಿಂದ ರಾನಡೆ ಮೊದಲಾದ ಬೆರಳೆಣಿಕೆಯ ಜನರ ಮೊದಲ ಬಿ.ಎ. ತಂಡ ಹೊರಬಂದದ್ದು 1862ರಲ್ಲಿ. ನಮ್ಮ ಕಡೆಯ ಹುಡುಗನಿಗೆ ಪದವಿ ಬೇಕಾದರೆ ಸುಮಾರು 400 ಕಿಲೋಮೀಟರ್ ದೂರದ ಪುಣೆಗೋ ಇನ್ನೂ ಆಚೆಯ ಮುಂಬಯಿಗೋ ಹೋಗಬೇಕು, ಅಲ್ಲಿ ಮರಾಠಿಯಲ್ಲಿ ಬದುಕಬೇಕು, ಇಂಗ್ಲಿಷಿನಲ್ಲಿ ಬರೆಯಬೇಕು. ಊರಲ್ಲೇ ಉಳಿದವರಿಗೆ ಮುಲ್ಕಿ ಪರೀಕ್ಷೆ ಇತ್ತು. ಏಳನೆಯ ಇಯತ್ತೆಯ ಕೊನೆಗೆ ಕಟ್ಟುವ ಆ ಪರೀಕ್ಷೆ ಪಾಸಾದರೆ ಶಾಲೆಯ ಮಾಸ್ತರಿಕೆಯೋ ತಲಾಠಿಯ ಕೆಲಸವೋ ಸಿಗುತ್ತಿತ್ತು. ನಮ್ಮ ಹಳ್ಳಿಯಲ್ಲಿ ಈಗಲೂ ಒಂದು ಮನೆಗೆ ಮುಲ್ಕಿ ಮಾಸ್ತರ ಮನಿ ಎಂದೇ ಹೆಸರು. ಆ ಮಾಸ್ತರರನ್ನು ಕಂಡವರು ಒಬ್ಬರೂ ಉಳಿದಿಲ್ಲ, ಪರೀಕ್ಷೆಯ ಹೆಸರು ಮಾತ್ರ ಗೋಡೆಗೆ ಅಂಟಿಕೊಂಡಿದೆ.

ಆ ಕಾಲದಲ್ಲಿ ಓದಿದವರು ಕಾಯುತ್ತಿರಲಿಲ್ಲ, ಹುದ್ದೆಗಳೇ ಓದಿದವರಿಗಾಗಿ ಕಾಯುತ್ತಿದ್ದವು. 1834ರಲ್ಲಿ ಹುಟ್ಟಿದ ಚನ್ನಬಸಪ್ಪನವರು ಪುಣೆಗೆ ಹೋಗಿ ಕಲಿತು ಬಂದು ಶಿಕ್ಷಣ ಇಲಾಖೆಯಲ್ಲಿ ಡೆಪ್ಯುಟಿ ಇನ್‌ಸ್ಪೆಕ್ಟರ್ ಆದರು. ಮರಾಠಿ ಶಾಲೆಗಳೇ ತುಂಬಿದ್ದ ಜಿಲ್ಲೆಯಲ್ಲಿ ಕನ್ನಡ ಶಾಲೆಗಳನ್ನು ತೆರೆಸುತ್ತ ತಿರುಗಿದರು, ಶೇಕ್ಸ್‌ಪಿಯರನ ನಾಟಕವನ್ನು ಕನ್ನಡಕ್ಕೆ ತಂದರು. ಚರಿತ್ರೆಗೆ ಅವರು ಇವತ್ತಿಗೂ ಡೆಪ್ಯುಟಿ ಚನ್ನಬಸಪ್ಪ. 1890ರ ಜುಲೈ 20ರಂದು ರಾ.ಹ. ದೇಶಪಾಂಡೆ ಮತ್ತು ಅವರ ಗೆಳೆಯರು ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದಾಗ ಅವರ ಚಿಂತೆ ಕನ್ನಡದಲ್ಲಿ ಓದಲು ಪುಸ್ತಕಗಳಿಲ್ಲ ಎಂಬುದಾಗಿತ್ತು, ಓದಿದವರಿಗೆ ಕೆಲಸವಿಲ್ಲ ಎಂಬುದಲ್ಲ.

ನಡುವೆ, 1880ರ ದಶಕದಲ್ಲಿ, ಸದರ್ನ್ ಮರಾಠಾ ರೈಲ್ವೆ ಬಂತು. ಪುಣೆಯ ಹಾದಿ ಹತ್ತಿರವಾಯಿತು. 1885ರಲ್ಲಿ ಪುಣೆಯಲ್ಲಿ ಶುರುವಾದ ಫರ್ಗ್ಯುಸನ್ ಕಾಲೇಜು ಧಾರವಾಡದ ಹುಡುಗರಿಗೆ ತವರಿನಂತಾಯಿತು. ಆಲೂರು ವೆಂಕಟರಾಯರು ಅಲ್ಲಿ 1903ರಲ್ಲಿ ಬಿ.ಎ. ಮಾಡಿದರು, 1905ರಲ್ಲಿ ಮುಂಬಯಿಯಿಂದ ವಕೀಲಿಯ ಪದವಿ ತಂದರು. ಅದೇ ವರ್ಷ ಹಂಪಿಗೆ ಹೋದರು. ವಿಜಯನಗರದ ಹಾಳು ನೋಡಿದ ಮೇಲೆ ಅವರ ತಲೆಯಲ್ಲಿ ಕರ್ನಾಟಕವೆಂಬುದು ಬಿಟ್ಟು ಬೇರೇನೂ ಉಳಿಯಲಿಲ್ಲ. ವಕೀಲಿ ಹಿಂದೆ ಬಿತ್ತು, ಸಂಘದ 'ವಾಗ್ಭೂಷಣ' ಪತ್ರಿಕೆಯ ಕೆಲಸ ಮುಂದೆ ಬಂತು, 1917ರಲ್ಲಿ 'ಕರ್ನಾಟಕ ಗತವೈಭವ' ಅಚ್ಚಾಯಿತು. ಇದನ್ನು ನಮಗೆ ತ್ಯಾಗದ ಕಥೆಯಾಗಿ ಪಾಠ ಮಾಡುತ್ತಾರೆ. ಬಾಡಿಗೆಯ ಕಾಟಿನ ಮೇಲೆ ಕುಳಿತು ಓದುವಾಗ ನನಗೆ ಬೇರೊಂದು ಕಂಡಿತು. ಬರುವ ಗಳಿಕೆಯನ್ನು ಬಿಡಬೇಕಾದರೆ ಬಿಟ್ಟ ಮೇಲೂ ಒಲೆ ಹೊತ್ತುವ ಮನೆ ಇರಬೇಕು. ಅದನ್ನು ಹೊತ್ತಿಸಿದವರ ಹೆಸರು ಪಠ್ಯದಲ್ಲಿ ಬರುವುದಿಲ್ಲ.

ಈ ಮಾತು ಬೇಂದ್ರೆಯವರಲ್ಲಿ ಇನ್ನೂ ನಿಚ್ಚಳ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಅಜ್ಜಿ ಮತ್ತು ತಾಯಿ ಅಂಬವ್ವ ಖಾನಾವಳಿ ನಡೆಸಿ ಮನೆ ಸಾಗಿಸಿದರು. ಕಾಕಾ ಬಂಡೋಪಂತರ ಆಸರೆಯಿಂದ ಪುಣೆಯ ಓದು ಸಾಧ್ಯವಾಯಿತು. 1918ರಲ್ಲಿ ಬಿ.ಎ. ಆಗಿ ಧಾರವಾಡಕ್ಕೆ ಬಂದು ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಮಾಸ್ತರರಾದರು. ಅಲ್ಲಿಯವರೆಗೆ ಎಲ್ಲ ಸರಿ. 1932ರಲ್ಲಿ 'ನರಬಲಿ' ಕವಿತೆಗಾಗಿ ಸರಕಾರ ಅವರನ್ನು ಜೈಲಿಗೆ ಕಳಿಸಿತು, ನಂತರ ಮುಗದ ಹಳ್ಳಿಯಲ್ಲಿ ಕಟ್ಟಿಹಾಕಿತು. ಹೊರಗೆ ಬಂದ ಮೇಲೆ ನೌಕರಿ ಇಲ್ಲ. 1935ರಲ್ಲಿ ಎಂ.ಎ. ಕಟ್ಟಿದರು. ಅಲ್ಲಿಷ್ಟು ಇಲ್ಲಿಷ್ಟು ಮಾಸ್ತರಿಕೆ ಮಾಡಿದರು. 1943ರಲ್ಲಿ ಶಿವಮೊಗ್ಗದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಸ್ಥಿರವಾದ ಕೆಲಸ ಸಿಕ್ಕಿದ್ದು 1944ರಲ್ಲಿ. ನಾಡು ಅಧ್ಯಕ್ಷನನ್ನಾಗಿ ಕೂರಿಸಿದ ಮನುಷ್ಯನಿಗೆ ತಿಂಗಳ ಪಗಾರ ಅದರ ಮರುವರ್ಷ ಬಂತು. ಅದಕ್ಕೂ ಊರು ಬಿಡಬೇಕಾಯಿತು.

ಮೈಸೂರು ಸಂಸ್ಥಾನದಲ್ಲಿ ಇದೇ ಕಾಲಕ್ಕೆ ಬೇರೆ ದಾರಿ ಇತ್ತು. ದಿವಾನ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1890ರ ದಶಕದ ಆರಂಭಕ್ಕೇ, ಮೈಸೂರು ಸಿವಿಲ್ ಸರ್ವಿಸಿಗೆ ಸ್ಪರ್ಧಾ ಪರೀಕ್ಷೆ ಬಂದಿತ್ತು. ಮಾಸ್ತಿಯವರು 1914ರಲ್ಲಿ ಎಂ.ಎ. ಮಾಡಿದರು, ಆ ಪರೀಕ್ಷೆ ಬರೆದು ನೇರವಾಗಿ ಅಧಿಕಾರಿಯಾದರು. ಕನ್ನಡದ ಈ ಇಬ್ಬರು ಜ್ಞಾನಪೀಠದವರಲ್ಲಿ ಒಬ್ಬರಿಗೆ ಸಂಸ್ಥಾನ ಕುರ್ಚಿ ಕೊಟ್ಟಿತು, ಇನ್ನೊಬ್ಬರಿಗೆ ಪ್ರಾಂತ ಜೈಲು ಕೊಟ್ಟಿತು. ನಮ್ಮ ರೀಡಿಂಗ್ ರೂಮಿನ ಗೋಡೆಯ ಮೇಲೆ ಇಬ್ಬರ ಚಿತ್ರಗಳೂ ಇವೆ. ಕೆಳಗೆ ಪ್ರಶಸ್ತಿ ಬಂದ ವರ್ಷ ಬರೆದಿದೆ, ಪರೀಕ್ಷೆಗೆ ಬೇಕಾದದ್ದು ಅಷ್ಟೇ: 1973, 1983.

ಇನ್ನು ಹೆಸರಿಲ್ಲದ ಸಾಮಾನ್ಯ ಹುಡುಗರು. ಕಾಕಾ ಇಲ್ಲದವರು, ಖಾನಾವಳಿಗೆ ದುಡ್ಡು ಇಲ್ಲದವರು. ಬ್ರಾಹ್ಮಣ ಹುಡುಗರಿಗೆ ವಾರಾನ್ನ ಇತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು, ಹೀಗೆ ಏಳು ದಿನಕ್ಕೆ ಏಳು ಮನೆ ಗೊತ್ತು ಮಾಡಿಕೊಂಡರೆ ವರ್ಷ ಸಾಗುತ್ತಿತ್ತು. ಒಂದು ಮನೆಯವರು ಊರಿಗೆ ಹೋದರೆ ಆ ವಾರ ಉಪವಾಸ. ಆ ಕಾಲದವರ ಆತ್ಮಕಥೆಗಳಲ್ಲಿ ವಾರಾನ್ನದ ಪುಟಗಳು ಮತ್ತೆ ಮತ್ತೆ ಸಿಗುತ್ತವೆ, ಒಂದು ಕಡೆ ಋಣದ ಮಾತು, ಇನ್ನೊಂದು ಕಡೆ ಅವಮಾನದ ಮಾತು. ಆದರೆ ಆ ಬಾಗಿಲು ಎಲ್ಲರಿಗೂ ತೆರೆಯುತ್ತಿರಲಿಲ್ಲ. ರೈತರ ಮನೆಯ ಹುಡುಗರಿಗೆ ಮಠಗಳು ಆಸರೆಯಾದವು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ನಡೆಸಿದ ಪ್ರಸಾದ ನಿಲಯದಲ್ಲಿ ಉಂಡು ಓದಿದವರು ಈ ಭಾಗದ ತುಂಬ ಇದ್ದಾರೆ. ಜೋಳ, ಬೇಳೆ ಭಕ್ತರ ಹೊಲದಿಂದ ಬರುತ್ತಿತ್ತು. ಬಾವಿಯ ನೀರೇ ಮುಟ್ಟಲು ಸಿಗದವರಿಗೆ ಊಟದ ಮನೆ ಎಲ್ಲಿಂದ ಬರಬೇಕು? ಆ ಕೊರತೆಗೆ ಉತ್ತರ ಕೊಟ್ಟವರು ಅಂಬೇಡ್ಕರ್. 1928ರಲ್ಲಿ ಅವರು ಸ್ಥಾಪಿಸಿದ ಡಿಪ್ರೆಸ್ಡ್ ಕ್ಲಾಸಸ್ ಎಜುಕೇಶನ್ ಸೊಸೈಟಿ ಮುಂಬಯಿ ಪ್ರಾಂತದಲ್ಲಿ ನಡೆಸಿದ ಹಾಸ್ಟೆಲುಗಳು ಪನವೇಲ, ಠಾಣೆ, ನಾಶಿಕ, ಪುಣೆ ಮತ್ತು ಧಾರವಾಡದಲ್ಲಿದ್ದವು. ಐದರಲ್ಲಿ ಒಂದು ನಮ್ಮ ಊರಿನದು. ವಾರಾನ್ನ, ಪ್ರಸಾದ, ಹಾಸ್ಟೆಲು: ಯಾರ ಮಗ ಎಷ್ಟು ದಿನ ಓದಬಹುದು ಎಂಬುದನ್ನು ತಲೆಯ ಚುರುಕಿಗಿಂತ ಮೊದಲು ಈ ಮೂರು ಅಡಿಗೆಮನೆಗಳು ನಿರ್ಧರಿಸುತ್ತಿದ್ದವು.

ಧಾರವಾಡಕ್ಕೇ ಒಂದು ಕಾಲೇಜು ಬೇಕೆಂಬ ಕೂಗು ಈ ಖರ್ಚಿನಿಂದಲೇ ಎದ್ದಿತು ಎಂದು ನನಗನ್ನಿಸುತ್ತದೆ. ಪುಣೆಗೆ ಒಬ್ಬನನ್ನು ಕಳಿಸುವ ದುಡ್ಡಿನಲ್ಲಿ ಊರಲ್ಲೇ ಹಲವರು ಓದಬಹುದಲ್ಲ! ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರು ಊರೂರು ತಿರುಗಿ ಹಣ ಕೂಡಿಸಿದರು. 1917ರ ಜೂನಿನಲ್ಲಿ ಕರ್ನಾಟಕ ಕಾಲೇಜು ಶುರುವಾಯಿತು. ಇವತ್ತು ಅದು ಇರುವ ಕೆಂಪು ಕಟ್ಟಡ ಕಾಲೇಜಿಗಾಗಿ ಕಟ್ಟಿದ್ದಲ್ಲ, ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿಗಾಗಿ ಕಟ್ಟಿದ್ದು. 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆಯ ಜೊತೆ ಕೂಡಿತು, ಕಚೇರಿ ಮದ್ರಾಸಿಗೆ ಹೋಯಿತು, ಖಾಲಿಯಾದ ಕಟ್ಟಡಕ್ಕೆ ಮುಂದೆ ಕಾಲೇಜು ಬಂತು. ನೌಕರಿಗಳು ರೈಲು ಹತ್ತಿ ಹೋದ ಮೇಲೆ ಪದವಿಗಳು ಬಂದು ಕುಳಿತವು. ಅಲ್ಲಿ ಓದುವಾಗ ಆ ಎತ್ತರದ ಮಾಡಿನ ಕೆಳಗೆ ಕಾರಕೂನರು ಸಾಲಾಗಿ ಕುಳಿತು ಲೆಕ್ಕ ಬರೆಯುವುದನ್ನು ಊಹಿಸಿಕೊಳ್ಳುವುದು ನನಗೊಂದು ಚಟವಾಗಿತ್ತು.

ಆಮೇಲೆ ಪದವಿಗೆ ಬರ ಇರಲಿಲ್ಲ. 1949ರ ಕಾನೂನಿನಿಂದ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿತು, ಮೊದಲು ಮುಂಬಯಿಯಲ್ಲಿ ಕಚೇರಿ ತೆರೆದು ಮರುವರ್ಷ ಧಾರವಾಡಕ್ಕೆ ಬಂತು. ಕೇಂಬ್ರಿಜ್‌ನಲ್ಲಿ ಗಣಿತದ ರ‍್ಯಾಂಗ್ಲರ್ ಆಗಿದ್ದ ಡಿ.ಸಿ. ಪಾವಟೆ 1954ರಿಂದ 1967ರವರೆಗೆ ಕುಲಪತಿಗಳಾಗಿ ಛೋಟಾ ಮಹಾಬಳೇಶ್ವರದ ಗುಡ್ಡದ ಮೇಲೆ ಅದನ್ನು ಕಟ್ಟಿ ನಿಲ್ಲಿಸಿದರು. ನಡುವೆ 1956ರ ನವೆಂಬರ್ 1ರಂದು ಏಕೀಕರಣವಾಯಿತು. ಆಲೂರರ ಪೀಳಿಗೆ ಕೇಳಿದ್ದು ಸಿಕ್ಕಿತು. ಅರ್ಜಿ ಬರೆಯುವವರ ಪಾಲಿಗೆ ಮಾತ್ರ ವಿಳಾಸ ಬದಲಾಯಿತು, ಮುಂಬಯಿಯ ಕಡೆ ಇದ್ದ ಮುಖ ಬೆಂಗಳೂರಿನ ಕಡೆ ತಿರುಗಿತು. ಕಚೇರಿಗಳೆಲ್ಲ ಅಲ್ಲಿ, ಪದವೀಧರರು ಇಲ್ಲಿ.

ಕಾಯುವುದಕ್ಕೆ ಸರಕಾರಿ ಕಾರ್ಡು ಬಂದದ್ದು ಈ ಕಾಲದಲ್ಲಿ. ನಾನಿರುವ ಮನೆಯ ಮಾಲಕರು ನಿವೃತ್ತ ಹೈಸ್ಕೂಲು ಮಾಸ್ತರರು, 1970ರ ದಶಕದ ಬಿ.ಎ. ಸಂಜೆ ನೀರು ಬಿಡುವ ದಿನ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಪೈಪು ಹಿಡಿದು ಕುಳಿತಿರುತ್ತಾರೆ. ಅವರ ಟ್ರಂಕಿನಲ್ಲಿ ಉದ್ಯೋಗ ವಿನಿಮಯ ಕಚೇರಿಯ ಕಾರ್ಡು ಇನ್ನೂ ಇದೆ, ಒಮ್ಮೆ ತೆಗೆದು ತೋರಿಸಿದರು. ನವೀಕರಣದ ಸಿಕ್ಕಾಗಳು ಒಂದರ ಮೇಲೊಂದು.

"ತಂಗಿ, ನಾವು ಪೋಸ್ಟಮನ್‌ನ ಹಾದಿ ಕಾಯತಿದ್ವಿ. ಅಂವಾ ನಮ್ಮ ಓಣಿಗೆ ಬರೂದ ಬಿಟ್ಟು ಮುಂದಿನ ಓಣಿಗೆ ಹೋದಾ ಅಂದ್ರ ಅವತ್ತಿನ ಕೆಲಸ ಮುಗೀತು ಅಂತ ಮಕ್ಕೊಂಡ ಬಿಡತಿದ್ವಿ. ನಿಮಗ ಮೊಬೈಲ್ ಬಂದೈತಿ, ಕಣ್ಣ ಮುಚ್ಚಾಕೂ ಬಿಡೂದಿಲ್ಲ" ಎಂದರು.

"ಅಷ್ಟ ದಿನ ಊಟಕ್ಕ ಏನ ಮಾಡಿದ್ರಿ ಸರ್?" ಎಂದು ಕೇಳಿದೆ.

"ಅಕ್ಕ ಇದ್ಲು. ಹೊಲಿಗಿ ಮಷೀನ ಇತ್ತು" ಎಂದು ಹೇಳಿ ಪೈಪನ್ನು ಇನ್ನೊಂದು ಕೊಡಕ್ಕೆ ತಿರುಗಿಸಿದರು.

ಅವರು ಕಾದ ರೀತಿಗೆ ಒಂದು ಸಾಲು ಇತ್ತು. 1959ರ ಕಾನೂನಿನ ಪ್ರಕಾರ ಖಾಲಿ ಹುದ್ದೆಗಳನ್ನು ವಿನಿಮಯ ಕಚೇರಿಗೆ ತಿಳಿಸಬೇಕಿತ್ತು, ಕಚೇರಿ ತನ್ನಲ್ಲಿದ್ದ ಹೆಸರುಗಳನ್ನು ಕಳಿಸುತ್ತಿತ್ತು. ಮೊದಲು ನೋಂದಾಯಿಸಿದವನಿಗೆ ಇಂದಲ್ಲ ನಾಳೆ ಕರೆ ಬಂದೀತೆಂಬ ಆಸೆ ಇತ್ತು. 1996ರಲ್ಲಿ ಸುಪ್ರೀಂ ಕೋರ್ಟು, ಕಚೇರಿ ಕಳಿಸಿದ ಹೆಸರುಗಳಿಗೆ ಮಾತ್ರ ಸೀಮಿತವಾಗಬಾರದು, ಹುದ್ದೆಗಳನ್ನು ಪತ್ರಿಕೆಗಳಲ್ಲಿ ಪ್ರಕಟಿಸಿ ಎಲ್ಲ ಅರ್ಹರನ್ನೂ ಪರಿಗಣಿಸಬೇಕು ಎಂದಿತು. ನ್ಯಾಯವಾದ ಮಾತು. ಜೊತೆಗೆ ಸಾಲಿನಲ್ಲಿ ನಿಲ್ಲುವ ಕಾಲ ಮುಗಿದು ಓಡುವ ಕಾಲ ಶುರುವಾಯಿತು. ಸಾಲಿನಲ್ಲಿ ನಿಲ್ಲುವವನು ತನ್ನ ಹಳ್ಳಿಯಲ್ಲೇ ಹೊಲ ಉತ್ತುತ್ತ ನಿಲ್ಲಬಹುದು. ಓಡುವವನಿಗೆ ಪಕ್ಕದವನು ಎಷ್ಟು ಓಡಿದ ಎಂದು ದಿನವೂ ಗೊತ್ತಾಗಬೇಕು, ಅದಕ್ಕೆ ಸಪ್ತಾಪುರದಲ್ಲೇ ಇರಬೇಕು. ಕೋಚಿಂಗು, ಕಾಟು, ಕ್ಯಾಬಿನ್ನು ಇವೆಲ್ಲ ಈ ಬೇಕುಗಳ ಬೆನ್ನು ಹತ್ತಿ ಬಂದವು. ಹಿಂದೆ ವಿದ್ಯಾರ್ಥಿಗೆ ಊಟ ಹಾಕುವುದು ಪುಣ್ಯ, ಈಗ ಅದು ಉದ್ಯಮ. ಕೊಂಕಿಗೆ ಹೇಳುತ್ತಿಲ್ಲ. ದುಡ್ಡು ಕೊಟ್ಟು ಉಣ್ಣುವವಳನ್ನು ನಿನ್ನ ಜಾತಿ ಯಾವುದು ಎಂದು ಕೇಳುವ ಹಕ್ಕು ಯಾರಿಗೂ ಇಲ್ಲ, ವಾರಾನ್ನದ ಹುಡುಗನಿಗೆ ಈ ಸುಖ ಇರಲಿಲ್ಲ.

ಈಗಿನ ಖರ್ಚು ಎಲ್ಲಿಂದ ಬರುತ್ತದೆ ಎಂದು ನೋಡಲು ದೂರ ಹೋಗಬೇಕಿಲ್ಲ. ನನ್ನ ಕಾಟಿನ ಬಾಡಿಗೆ ಅಪ್ಪನ ಕಡಲೆಯಿಂದ ಬರುತ್ತದೆ, ಅರ್ಜಿಯ ಫೀ ಅವ್ವ ಸ್ವಸಹಾಯ ಸಂಘದಲ್ಲಿ ತೆಗೆದ ಸಾಲದಿಂದ. ಬಸ್ಸಿಗೆ ಮಾತ್ರ ಖರ್ಚಿಲ್ಲ, 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಾಗಿನಿಂದ ಆಧಾರ್ ತೋರಿಸಿದರೆ ಸೊನ್ನೆ ರೂಪಾಯಿಯ ಚೀಟಿ. ಈ ಬೇಸಿಗೆಯಲ್ಲಿ ಊರಿಗೆ ಹೋದದ್ದೆಲ್ಲ ಮದುವೆಗಳಿಗೆ. ಎರೆಹೊಲ ಬಿರುಕು ಬಿಟ್ಟು ಕಾದಿರುತ್ತದೆ, ಊರ ತುಂಬ ಹಂದರ. ಉಣ್ಣಲು ಕುಳಿತರೆ ಎಲೆಯ ಮೇಲೆ ಬುಂದಿ ಬೀಳುವ ಮೊದಲು ಪ್ರಶ್ನೆ ಬೀಳುತ್ತದೆ: "ಏನವಾ, ನೌಕರಿ ಆತೇನ?" ನನ್ನ ಜೊತೆ ಓದಿದ ಹುಡುಗನಿಗೂ ಇದೇ ಪ್ರಶ್ನೆ ಬೀಳುತ್ತದೆ, ಅಷ್ಟಕ್ಕೇ ನಿಲ್ಲುತ್ತದೆ. ನನಗೆ ಅದರ ಹಿಂದೆ ಇನ್ನೊಂದು ಇದ್ದೇ ಇರುತ್ತದೆ: "ಇಲ್ಲಾಂದ್ರ ಗಂಡ ನೋಡೂನಲ್ಲ?" ಹುಡುಗನ ಗಡುವನ್ನು ಸರಕಾರದ ವಯೋಮಿತಿ ಹಾಕುತ್ತದೆ, ನನ್ನದನ್ನು ಊರವರು ಹಾಕುತ್ತಾರೆ. ಅವ್ವ ನಡುವೆ ಬಾಯಿ ಹಾಕಿ, "ಓದ್ಲಿ ಬಿಡ್ರಿ, ನನಗ ಯಾರ ಓದ ಅಂದಿದ್ರು?" ಎಂದಳು. ಏಳನೆಯ ಇಯತ್ತೆ ಮುಗಿದ ಬೇಸಿಗೆಯಲ್ಲೇ ಅವಳ ಮದುವೆಯಾಗಿತ್ತು. ಮುಲ್ಕಿಯ ಕಾಲದಲ್ಲಿ ಹುಟ್ಟಿದ ಗಂಡಸಾಗಿದ್ದರೆ ಅಷ್ಟು ಓದಿಗೆ ಅವಳು ಮಾಸ್ತರಾಗಿರುತ್ತಿದ್ದಳು.

2024ರ ಜನವರಿಯಲ್ಲಿ ಸರಕಾರವೂ ಈ ಖರ್ಚಿನಲ್ಲಿ ಪಾಲು ತೆಗೆದುಕೊಂಡಿತು. ಯುವನಿಧಿ: ಪಾಸಾಗಿ 6 ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ 2 ವರ್ಷ. ಕೆಲಸವಿಲ್ಲ ಎಂದು ನಾವೇ ಘೋಷಿಸಿಕೊಳ್ಳಬೇಕು. ಕಂಪ್ಯೂಟರಿನ ಮುಂದೆ ಕುಳಿತು ಆ ಗುಂಡಿ ಒತ್ತುವಾಗ ನನಗೆ ನಾಚಿಕೆಯಾಗಲಿಲ್ಲ. ಓದಿ ಕಾಯುವುದು ಆ ಮನುಷ್ಯನ ಸೋಮಾರಿತನವಲ್ಲ, ನಾಡಿನ ಒಂದು ಸ್ಥಿತಿ ಎಂದು ಸರಕಾರ ಲಿಖಿತವಾಗಿ ಒಪ್ಪಿಕೊಂಡಂತಾಯಿತು. ಆ ಹಣ ಮೆಸ್ಸಿಗೆ ಹೋಗುತ್ತದೆ.

ಮೆಸ್ಸು ನಡೆಸುವ ಅಕ್ಕನಿಗೆ ಗಂಡನಿಲ್ಲ. ಬೆಳಗಿನ ಜಾವ ಎದ್ದು ರೊಟ್ಟಿ ಬಡಿಯುತ್ತಾಳೆ, ಶೇಂಗಾ ಹಿಂಡಿ ಕುಟ್ಟುತ್ತಾಳೆ, ಒಬ್ಬೊಬ್ಬರ ಹೆಸರಿನ ಮುಂದೆ ಬಾಕಿ ಬರೆಯುತ್ತಾಳೆ. ಪಟ್ಟಿಯಲ್ಲಿ ಹೆಸರು ಬಂದವರು ಲೈನ್ ಬಜಾರಿನ ಫೇಡೆ ತಂದುಕೊಟ್ಟು ಕಾಲು ಮುಟ್ಟಿ ಹೋಗುತ್ತಾರೆ. ಹೆಸರು ಬಾರದವರ ಬಾಕಿ ಮುಂದಿನ ಪುಟಕ್ಕೆ ಹೋಗುತ್ತದೆ. ಅಂಬವ್ವನ ಖಾನಾವಳಿ, ವಾರಾನ್ನದ ಏಳು ಮನೆಗಳ ಹೆಂಗಸರು, ಮಾಲಕರ ಅಕ್ಕನ ಹೊಲಿಗೆ ಯಂತ್ರ, ನನ್ನ ಅವ್ವನ ಸಂಘದ ಸಾಲ: ನೂರಕ್ಕೂ ಹೆಚ್ಚು ವರ್ಷಗಳ ಪದವೀಧರರ ಕಾಯುವಿಕೆಯನ್ನು ಹೆಚ್ಚಾಗಿ ಹೊತ್ತವರು ತಾವು ಎಂದೂ ಕಾಯಲು ಬಿಡುವು ಸಿಗದ ಹೆಂಗಸರು. ನಮ್ಮ ಮನೆತನದಲ್ಲಿ ಹಾಗೆ ಕುಳಿತು ಓದಿ ಕಾಯಲು ಅವಕಾಶ ಸಿಕ್ಕ ಮೊದಲ ಹೆಂಗಸು ನಾನು. ಬೇಸಿಗೆ ಎಷ್ಟು ಉದ್ದವಾದರೂ ಅದನ್ನು ಬರೀ ದುರದೃಷ್ಟ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಧಾರವಾಡದಲ್ಲಿ ಓದಿ ದೊಡ್ಡವರಾದವರ ಪ್ರತಿಮೆಗಳಿವೆ, ಟ್ರಸ್ಟುಗಳಿವೆ, ಅವರ ಪತ್ರಗಳನ್ನು ಕಾಪಾಡುವ ಕಪಾಟುಗಳಿವೆ. ನೌಕರಿ ಸಿಕ್ಕರೂ ಸಿಗದಿದ್ದರೂ ಇತಿಹಾಸ ಓದಿದವಳಾಗಿ ನಾನು ಮಾಡಬಹುದಾದ ಒಂದು ಕೆಲಸವಿದೆ. ಮೆಸ್ಸಿನ ಅಕ್ಕನ ತುಂಬಿದ ಬಾಕಿ ಪುಸ್ತಕಗಳು ರದ್ದಿಗೆ ಹೋಗುವ ಮೊದಲು ಕೇಳಿ ಇಟ್ಟುಕೊಳ್ಳುವುದು, ಒಂದು ದಿನ ವಿದ್ಯಾವರ್ಧಕ ಸಂಘದ ಗ್ರಂಥಾಲಯಕ್ಕೆ ಒಪ್ಪಿಸುವುದು. ಆಗಲೇ ಕೇಳಿದ್ದೇನೆ. "ಬಾಕಿ ಕೊಟ್ಟ ಮ್ಯಾಲ ಒಯ್ಯಿ" ಎಂದಿದ್ದಾಳೆ.